ಅಮ್ಮಿ ಕೇಳದ್ದು

ಬೇಡ ಅಮ್ಮಾ, ಅದನ್ನ ಮುಟ್ಬೇಡಿ... ಕಾರಿನ ರೇಡಿಯೋ ಕೆಟ್ಟಿದೆ. ಕೆಟ್ಟಿದೆ ಅಂದ್ರೆ ಬರೀ ಗೊರಗೊರ ಅನ್ನುತ್ತೆ, ತಲೆನೋವು. ಅಷ್ಟು ದೂರ ವಿಮಾನದಲ್ಲಿ ಕೂತು ಬಂದಿದೀರ, ಕಿವಿಗೆ ಸ್ವಲ್ಪ ರೆಸ್ಟು ಸಿಗ್ಲಿ. ನಾನು ಮಾತಾಡ್ತೀನಲ್ಲ! ನಿಮ್ಮ ಮಗಳು ಹೇಳ್ತಿದ್ಲು... ಹೇಳ್ತಿರ್ತಾಳೆ, "ಮಧು ಅಣ್ಣಾನ ಬಂದ್ ಮಾಡೋ ಬಟನ್ ಎಲ್ಲೈತಿ?" ಅಂತ. ಹಾಂ, ಗದಗಿನ ಕನ್ನಡಾನೇ. ನನಗೆ ನಿಮ್ಮ ಮನೆ ಉರ್ದು ಬರಲ್ಲ, ಅವಳಿಗೆ ನಮ್ಮ ಬೆಂಗಳೂರು ಕನ್ನಡ ಕೇಳಿದ್ರೆ ನಗು. ಹಂಗಾಗಿ ನಾವಿಬ್ಬರೂ ನಿಮ್ಮ ಗದಗಿನ ಭಾಷೇಲೇ ಜಗಳ ಆಡೋದು.

ನೀರು ಕುಡೀರಿ. ಬಾಟ್ಲು ಅಲ್ಲೇ ಇದೆ, ಬಾಗಿಲ ಪಕ್ಕ. ಬೇಡ್ವಾ? ಸರಿ, ಸರಿ.

ಫೋನಲ್ಲಿ ಸರಿಯಾಗಿ ಪರಿಚಯಾನೂ ಹೇಳ್ಕೊಳ್ಲಿಲ್ಲ ನಾನು. "ಯುಸ್ರಾಗೆ ಹುಷಾರಿಲ್ಲ, ಬೇಗ ಬನ್ನಿ" ಅಂದೆ, ಇಟ್ಬಿಟ್ಟೆ. ಗಾಬರಿ ಆಗಿತ್ತು... ನಾನು ಮಧುಕರ್ ಅಮ್ಮಾ. ಅವಳ ಬ್ಯಾಂಡಿನಲ್ಲಿ ದೊಡ್ಡ ಬೇಸು ಬಾರ್ಸೋನು. ಆಳೆತ್ತರದ ಪಿಟೀಲು ಇರುತ್ತಲ್ಲ, ನಿಂತ್ಕೊಂಡು ದುಂ ದುಂ ಅನ್ಸೋದು, ಅದು. ವಾರವೆಲ್ಲ ಆಫೀಸು, ವೀಕೆಂಡಲ್ಲಿ ದುಂ ದುಂ. ಹನ್ನೊಂದು ವರ್ಷದಿಂದ ಅವಳ ಹಿಂದೆ ನಿಂತಿದೀನಿ. ಅವಳ ಮುಖಕ್ಕಿಂತ ಬೆನ್ನನ್ನೇ ಜಾಸ್ತಿ ನೋಡಿದೀನಿ ಅನ್ನಿ.

ಏನಂದ್ರಿ? ಯಾರು ಕಲಿಸಿದ್ರು ಅಂತಾನಾ? ಬ್ಯಾಂಜೊ?

ಅಯ್ಯೋ, ಇದು ನಿಮಗೆ ಗೊತ್ತಿಲ್ವಾ? ನೀವೂ ಅಮೆರಿಕದಲ್ಲೇ, ಇಲ್ಲೇ ಸ್ಯಾನ್ ಮಟಿಯೋದಲ್ಲೇ ಇದ್ರಲ್ಲ ಆಗ. ಅವಳು ಹೈಸ್ಕೂಲು. ನಿಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದೀಲಿ ಲಾಂಡ್ರಿ ಇತ್ತಲ್ಲ, ಅದರ ಹಿಂಭಾಗದಲ್ಲಿ ಒಬ್ಬ ಮುದುಕ ವಾದ್ಯ ರಿಪೇರಿ ಮಾಡ್ತಿದ್ದ. ಹಾಲಿಸ್ ಅಂತ. ವೆಸ್ಟ್ ವರ್ಜೀನಿಯಾದ ಗುಡ್ಡಗಾಡಿನೋನು. ಅವನ ಅಪ್ಪ ಕಲ್ಲಿದ್ದಲು ಗಣಿಗೆ ಇಳಿದೋನು ಮೇಲೆ ಬರ್ಲೇ ಇಲ್ವಂತೆ. ಇವಳು ಸ್ಕೂಲಿನ ವಯಲಿನ್ ಮುರ್ಕೊಂಡು, ನಿಮಗೆ ಹೇಳೋಕೆ ಹೆದರಿ, ಅಲ್ಲಿಗೆ ಹೋದ್ಲು. ಹಾಲಿಸ್ ಯಾರದೋ ಬ್ಯಾಂಜೊ ಶ್ರುತಿ ಮಾಡ್ತಾ ಕೂತಿದ್ದ. ಬಾಗಿಲಲ್ಲೇ ನಿಂತ್ಬಿಟ್ಲಂತೆ! ಆಮೇಲೆ ನನಗೆ ಹೇಳಿದ್ದು ಹೇಗೆ ಗೊತ್ತಾ? "ಅಣ್ಣಾ, ಅದು ಹಲಗಿಗೆ ತಂತಿ ಕಟ್ಟಿದಂಗ ಇತ್ತು. ತಂತಿ ಮಾತಾಡಿದ್ರ ಅದರ ಹಿಂದ ಚರ್ಮಾನೂ ಮಾತಾಡ್ತಿತ್ತು." ಮೊಹರಂ ಟೈಮಲ್ಲಿ ಊರಲ್ಲಿ ಹಲಗೆ ಕೇಳಿದ್ದಳಲ್ಲ, ರಜ ಬಂದಾಗೆಲ್ಲ ಅವಳ ನಾನಾ ಮನೆಗೆ ಕಳಿಸ್ತಿದ್ರಲ್ಲ ನೀವು...

ಹಾಂ, ನಿಮ್ಮ ತಂದೆ ವಿಷಯಾನೇ. ಮೊಹರಂನಲ್ಲಿ ಅವರು ಹಾಡ್ತಿದ್ದ ರಿವಾಯತ್ ಪದ. ಅದಿಲ್ಲದೆ ಯುಸ್ರಾ ಕತೆ ಹೇಳೋದು ಹೇಗಮ್ಮ?

ಹಾಲಿಸ್ ಒಂದು ಹಾಡು ಹಾಡಿದ್ನಂತೆ ಅವತ್ತು. ವಾದ್ಯ ಗೀದ್ಯ ಏನಿಲ್ಲ, ಬರೀ ಗಂಟ್ಲು. ಹೊಳೇಲಿ ಮುಳುಗಿದ ತಮ್ಮನ್ನ ಅಕ್ಕ ಕರೆಯೋ ಹಾಡು. ಅವರ ಬೆಟ್ಟದಲ್ಲಿ ಎಲ್ಲಾ ಹಾಡೂ ಹಾಗೇನೇ ಅಮ್ಮಾ, ಯಾರಾದ್ರೂ ಹೋಗ್ತಾರೆ, ಬರಲ್ಲ. ಇವಳು, "ನಮ್ಮ ನಾನಾ ಹಿಂಗೇ ಹಾಡೋದು" ಅಂದ್ಲು. ಎಲ್ಲಿ ಹಾಡು ನೋಡೋಣ ಅಂದ. ಹಾಡಿದ್ಲು, ಕನ್ನಡದಲ್ಲೇ. ನೀರು ತರಾಕ ಹೋದಾವ ಇನ್ನೂ ಬರಲಿಲ್ಲ ಅಂತ ಬರುತ್ತಲ್ಲ, ಕರ್ಬಲಾದ ಪದ. ಅದು. ಆ ಮುದುಕ ಕನ್ನಡಕ ತೆಗೆದಿಟ್ಟು, "ನಿಮ್ಮಜ್ಜ ಯಾವಾಗಾದ್ರೂ ನಮ್ಮ ಬೆಟ್ಟಕ್ಕೆ ಬಂದಿದ್ನಾ ಹುಡುಗಿ?" ಅಂದ್ನಂತೆ. ಅಷ್ಟೇ. ಅವತ್ತಿಂದ ನಿಮ್ಮ ಮಗಳು ಶನಿವಾರ ಶನಿವಾರ ಕೋಚಿಂಗ್ ಕ್ಲಾಸಿಗೆ ಹೋಗ್ಲಿಲ್ಲ, ಲಾಂಡ್ರಿ ಹಿಂದೆ ಹೋದ್ಲು.

ಯಾಕೆ ನಗ್ತಿದೀರ?

...ಗೊತ್ತಿತ್ತಾ! ಅಯ್ಯೋ ನಿಮ್ಮ! ಬಟ್ಟೆ ಒಗೆಯೋಕೆ ಹೋದಾಗ ಗೋಡೆ ಆಚೆ ಕೇಳಿಸ್ತಿತ್ತಾ? ಕೇಳಿಸ್ಕೊಂಡೂ ಏನೂ ಅನ್ಲಿಲ್ವಾ ನೀವು? ಅವಳು ಕೊನೇವರೆಗೂ ಅಮ್ಮಿಗೆ ಗೊತ್ತೇ ಇಲ್ಲ ಅಂದ್ಕೊಂಡಿದ್ಲು. ಅಂದ್ರೆ... ಈಗ್ಲೂ ಹಾಗೇ ಅಂದ್ಕೊಂಡಿದಾಳೆ. ನೀವೇ ಹೇಳಿ ಅವಳಿಗೆ. ಹೇಳಿ.

ಟ್ರಾಫಿಕ್ ನೋಡಿ. ಈ ಒನ್ ಓ ಒನ್ ಹೈವೇ ಯಾವತ್ತೂ ಬದಲಾಗಲ್ಲ. ಗುಡ್ಡದ ಮೇಲೆ ಮಂಜು ಕೂತಿದೆ, ಇನ್ನು ಸ್ವಲ್ಪ ಹೊತ್ತಿಗೆ ಜಾರ್ಕೊಂಡು ಕೆಳಗೆ ಬರುತ್ತೆ.

ಆಮೇಲಿನದು ನಿಮಗೆ ಗೊತ್ತೇ ಇದೆ. ಫಾರ್ಮಸಿ ಓದೋದು ಬಿಟ್ಲು. ಅವಳ ಅಪ್ಪ, ಅಖ್ತರ್ ಸಾರ್, ಮಾತು ಬಿಟ್ರು. ನೀವು ನಡುವೆ. ಅಷ್ಟೊತ್ತಿಗೆ ನಾನು ಸಿಕ್ಕಿದೆ ಅವಳಿಗೆ. ಇಲ್ಲೇ, ಸಂತೇಲಿ, ತರಕಾರಿ ಅಂಗಡಿಗಳ ನಡುವೆ ಒಬ್ಬಳೇ ನಿಂತು ಬಾರಿಸ್ತಿದ್ಲು. ನಾನು ಕೊತ್ತಂಬ್ರಿ ಸೊಪ್ಪು ತರೋಕೆ ಹೋದೋನು. ಎಲ್ಲಾ ಅಮೆರಿಕದ ಹಾಡೇ, ಗುಡ್ಡಗಾಡಿನ ಹಾಡು, ಆದ್ರೆ ಸಾಲು ಮುಗಿಯೋ ಕಡೆ ದನಿ ಒಂದು ಥರಾ ಕೆಳಗಿಳಿಯೋದು... ಮನೇಲಿ ಯಾರೋ ಸತ್ತ ದಿನ ಹೆಂಗಸರು ರಾಗ ತೆಗೀತಾರಲ್ಲ, ಹಾಗೆ. ಸೊಪ್ಪು ಅಲ್ಲೇ ಬಿಟ್ಟು ಬಂದೆ. ಮನೇಲಿ ಬೈಸ್ಕೊಂಡೆ.

ಬಿಲ್ ಮನ್ರೋ ಶುರು ಮಾಡಿದ್ದು, ಅದೂ ಇದೂ ಅಂತ ಜನ ಈ ಬ್ಲೂಗ್ರಾಸ್ ಸಂಗೀತದ ಬಗ್ಗೆ ಏನೇನೋ ಹೇಳ್ತಾರೆ, ನನಗದೆಲ್ಲ ತಲೆಗೆ ಹತ್ತಲ್ಲ. ಸ್ಪೀಡಾಗಿ ಬಾರಿಸೋ ದುಃಖ ಅದು, ಅಷ್ಟೇ. ಕೈ ಕುಣೀತಿರುತ್ತೆ, ಬಾಯಿ ಅಳ್ತಿರುತ್ತೆ. ಯುಸ್ರಾಗೆ ಎರಡೂ ಬರ್ತಿತ್ತು. ಬರುತ್ತೆ.

...ಏನಿಲ್ಲ ಅಮ್ಮಾ. ನಿದ್ದೆ ಇಲ್ಲ ಎರಡು ದಿನದಿಂದ, ಮಾತು ತಡವರಿಸ್ತಿದೆ. ನೀವು ನನ್ನ ಮುಖ ನೋಡ್ಬೇಡಿ, ಡ್ರೈವ್ ಮಾಡೋಕಾಗಲ್ಲ.

ವರ್ಜೀನಿಯಾದಲ್ಲಿ ಒಂದು ಕಾಂಪಿಟಿಷನ್ನು. ಹಳೇ ಕಾಲದ ಜನ ಕುರ್ಚಿ ಹಾಕ್ಕೊಂಡು ಹುಲ್ಲಿನ ಮೇಲೆ ಕೂತಿರ್ತಾರೆ, ಟೋಪಿ, ಗಡ್ಡ. ಮೈಕಿನೋನಿಗೆ ಇವಳ ಹೆಸರೇ ಹೇಳೋಕೆ ಬರ್ಲಿಲ್ಲ. "ಯೂ... ಯೂಸ್... ಆಕ್ಟರ್" ಅಂದ! ಜನ ನಕ್ರು. ಒಬ್ಬ ಮುಂದಿನ ಸಾಲಿಂದ, "ಎಲ್ಲಿಂದ ಬಂದೆಯಮ್ಮಾ ನೀನು?" ಅಂದ. ಆ ಕೇಳೋ ರೀತಿ ಗೊತ್ತಲ್ಲ ನಿಮಗೆ. ಸ್ಯಾನ್ ಮಟಿಯೋ ಅಂದ್ಲು. "ಅದಕ್ಕಿಂತ ಮುಂಚೆ?" ಅಂದ. ಇವಳು, "ಅದಕ್ಕಿಂತ ಮುಂಚೆ ನಮ್ಮಮ್ಮಿ ಹೊಟ್ಟೇಲಿ" ಅಂದ್ಲು! ಬಾರಿಸೋಕೆ ಶುರು ಮಾಡಿದ್ಲು. ಅಮ್ಮಾ, ಆ ಜನ... ಮುಗಿದ ಮೇಲೂ ಚಪ್ಪಾಳೆ ಇಲ್ಲ. ನಾನು ಮುಗೀತು ಕತೆ ಅಂದ್ಕೊಂಡೆ. ಆಮೇಲೆ ನೋಡ್ತೀನಿ, ಆ ಪ್ರಶ್ನೆ ಕೇಳಿದ್ನಲ್ಲ, ಅವನು ಟೋಪಿ ತೆಗೆದು ಮಡಿಲಲ್ಲಿಟ್ಕೊಂಡಿದಾನೆ. ಪ್ರೈಜು ಬಂತು. ಪ್ರೈಜು ಯಾರಿಗೆ ಬೇಕು. ಅವನು ಸ್ಟೇಜಿನ ಹಿಂದೆ ಹುಡ್ಕೊಂಡು ಬಂದು, ತನ್ನ ತಾಯಿ ಹಾಡ್ತಿದ್ದ ಹಾಡನ್ನ ಇವಳಿಗೆ ಹೇಳಿಕೊಟ್ಟು ಹೋದ. ತನ್ನ ಮಕ್ಕಳಿಗೆ ಬೇಡ್ವಂತೆ ಅದು.

ಊಟಾನಾ? ದಾರೀಲಿ ಏನ್ ತಿಂತಿದ್ಲು ಅಂತಾನಾ? ಹಹ್ಹ... ಅಮ್ಮಂದಿರ ಪ್ರಶ್ನೆ ಇದು. ವ್ಯಾನಲ್ಲಿ ಹೋಗ್ತಾ ಹಲಾಲ್ ಎಲ್ಲಿ ಸಿಗುತ್ತೆ ಹೇಳಿ, ಬರೀ ಹೊಲ, ಪೆಟ್ರೋಲ್ ಬಂಕು. ಚೀಸು ಬ್ರೆಡ್ಡು, ಚೀಸು ಬ್ರೆಡ್ಡು. ನಾನು ಸಸ್ಯಾಹಾರಿ, ಅವಳು ಹಲಾಲು, ಇಬ್ಬರದೂ ಒಂದೇ ತಟ್ಟೆ. ಒಂದ್ಸಲ ಒಕ್ಲಹೋಮಾದಲ್ಲಿ ಅತ್ತೇ ಬಿಟ್ಲು. ಏನಾಯ್ತೇ ಅಂದ್ರೆ, ಜೋಳದ ರೊಟ್ಟಿ, ಎಣ್ಣೆಗಾಯಿ ಬೇಕಂತೆ. ನಾನು ಬೆಂಗಳೂರಿನೋನು, ನನಗೆಲ್ಲಿ ರೊಟ್ಟಿ ಬಡಿಯೋಕೆ ಬರುತ್ತೆ?

ಒರೆಸ್ಕೊಳ್ಳಿ. ಟಿಶ್ಯೂ ಅಲ್ಲಿದೆ, ಮುಂದೆ.

ಆಲ್ಬಮ್ ಎಲ್ಲಿ ಮಾಡಿದ್ದು ಗೊತ್ತಾ? ಕ್ಯುಪರ್ಟಿನೋದ ನಮ್ಮ ಗರಾಜಲ್ಲಿ. ಮಕ್ಕಳ ಸೈಕಲ್ಲು, ಅಕ್ಕಿ ಮೂಟೆ, ನಡುವೆ ಮೈಕು. ಒಂದು ಹಾಡಿನ ಕೊನೇಲಿ ಕಸದ ಲಾರಿ ಬಂದ ಸದ್ದಿದೆ. ನಾನು ಮತ್ತೆ ಹಾಡು ಅಂದೆ. ಅವಳು ಬಿಡ್ಲಿಲ್ಲ. "ಇರ್ಲಿ ಬಿಡಣ್ಣ, ಸತ್ತಾವನ್ನ ಒಯ್ಯಾಕ ಬಂದೈತಿ" ಅಂದ್ಲು. ಆ ಹಾಡೇ ಅವಳಿಗೆ ಹೆಸರು ತಂದಿದ್ದು! ರೇಡಿಯೋದಲ್ಲಿ ಬಂತು, ಊರೂರಿಂದ ಕರೆ ಬಂತು. ಟೆನೆಸ್ಸಿಯಲ್ಲಿ ಸಾವಿರಾರು ಜನ ಅವಳ ಜೊತೆ ಹಾಡಿದ್ರು. ಗರಾಜಲ್ಲಿ ಅವಳು ಬಾರಿಸಿದ್ರೆ ಮೂಲೇಲಿ ಒರಗಿಸಿಟ್ಟ ನನ್ನ ಬೇಸು ತಾನಾಗೇ ಗುಂಯ್ ಅನ್ನೋದು ಅಮ್ಮಾ. ಯಾರೂ ಮುಟ್ಟದೆ. ಮೊನ್ನೆಯಿಂದ... ಬಿಡಿ. ಮೊನ್ನೆಯಿಂದ ಗರಾಜಿನ ಬಾಗಿಲು ಹಾಕಿದೀನಿ. ಆದ್ರೂ ಅಡುಗೆಮನೇಲಿ ನಿಂತ್ರೆ ಗುಂಯ್ ಅಂದ ಹಾಗೆ ಆಗುತ್ತೆ. ಹೋಗಿ ನೋಡಿದ್ರೆ ಏನಿಲ್ಲ.

ಇನ್ನೊಂದು ಹಾಡಿನ ವಿಷಯ ಹೇಳ್ಲೇಬೇಕು ನಾನು. ಸಿಟ್ಟಾಗ್ಬೇಡಿ.

ಸಾಂಟಾ ಕ್ರೂಜಲ್ಲಿ ಬಿಯರ್ ಮಾಡೋ ಜಾಗ. ಜನ ಕುಡೀತಿದ್ರು, ಹೌದು. ಅಲ್ಲಿ ಅವಳು ನಿಮ್ಮ ತಂದೆಯವರ ರಿವಾಯತ್ ಪದ ಹಾಡಿದ್ಲು, ಮೊದಲ್ನೇ ಸಲ, ಬ್ಯಾಂಜೊ ಜೊತೆ. ಯಾರೋ ವಿಡಿಯೋ ಹಾಕಿದ್ರು, ಅದು ಗದಗಕ್ಕೆ ಬಂತು, ನಿಮ್ಮ ತಮ್ಮ ಫೋನಲ್ಲಿ ತೋರಿಸಿದ್ರು. ನೀವು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ, ವ್ಯಾನಲ್ಲಿ. ನೀವಂದಿದ್ದು ನನಗೆ ಕೇಳಿಸ್ಲಿಲ್ಲ. ಅವಳ ಮುಖ ಕಾಣಿಸ್ತು. "ನಮ್ಮಪ್ಪ ಬರಿಗಾಲಲ್ಲಿ ನಿಂತು, ಉಪವಾಸ ಇದ್ದು ಹಾಡಿದ್ದನ್ನ ಶೆರೆ ಗ್ಲಾಸಿನ ನಡುವೆ ಮಾರಿದಿ" ಅಂದ್ರಂತೆ. ಅಲ್ವಾ? ಅಖ್ತರ್ ಸಾರ್ ತೀರ್ಕೊಂಡು ವರ್ಷಾನೂ ಆಗಿರ್ಲಿಲ್ಲ ಆಗ. ನೀವು ಇಲ್ಲಿ ಮನೆ ಖಾಲಿ ಮಾಡಿ ತಮ್ಮನ ಹತ್ರ ಹೋಗಿದ್ರಿ. ನೋವಲ್ಲಿದ್ರಿ. ನಾನು ನಿಮ್ಮನ್ನ ಅನ್ನೋದಲ್ಲ ಇದು.

ಆದ್ರೆ ಆಮೇಲೆ ಏನಾಯ್ತು ಅಂತ ನಿಮಗೆ ಯಾರೂ ಹೇಳಿಲ್ಲ. ನಾನು ಹೇಳ್ತೀನಿ.

ಅವಳು ಆ ಪದಾನ ಮತ್ತೆ ಹಾಡ್ಲೇ ಇಲ್ಲ ಅಮ್ಮಾ. ಒಂದ್ಸಲಾನೂ ಇಲ್ಲ. ಜನ ಕೂಗ್ತಿದ್ರು, ಎಲ್ಲಿ ಹೋದ್ರೂ ಅದೇ ಹಾಡು ಬೇಕು ಅಂತ. ಒಂದು ದೊಡ್ಡ ಕಂಪನಿಯೋರು ಅದೊಂದು ಹಾಡು ಕೊಡಿ ಅಂತ ಬಂದ್ರು. "ಅದು ಅಮ್ಮಿ ಮನೀದು. ನಾ ಕೇಳಿ ತಂದಿಲ್ಲ" ಅಂದು ಕಳಿಸ್ಬಿಟ್ಲು. ಆದ್ರೆ ಪ್ರತಿ ಸಲ, ಪ್ರೋಗ್ರಾಮಿನ ನಡುವೆ, ಆ ಹಾಡು ಬರ್ಬೇಕಾಗಿದ್ದ ಜಾಗಕ್ಕೆ ಬಂದ ತಕ್ಷಣ ಬ್ಯಾಂಜೊ ಕೆಳಗಿಡೋಳು. ಶೂ ಬಿಚ್ಚೋಳು. ಬರಿಗಾಲಲ್ಲಿ ಸುಮ್ನೆ ನಿಲ್ಲೋಳು, ಕಣ್ಮುಚ್ಚಿ. ಒಂದು ಹಾಡಿನಷ್ಟು ಹೊತ್ತು! ಸ್ಟೇಜಿನ ಮೇಲೆ ಅಷ್ಟು ಹೊತ್ತು ಸುಮ್ನೆ ನಿಲ್ಲೋದು ಅಂದ್ರೆ ಏನು ಅಂದ್ಕೊಂಡ್ರಿ... ಮೊದಮೊದಲು ಜನ ಕೆಮ್ಮೋರು, ಪಿಸುಗುಟ್ಟೋರು. ಆಮೇಲಾಮೇಲೆ ಇಡೀ ಹಾಲು ಉಸಿರು ಹಿಡ್ಕೊಳ್ಳೋದು. ಪೇಪರಿನೋರು ಅದನ್ನ ಸ್ಟೈಲು ಅಂತ ಬರೆದ್ರು. ನಾನು ಹಿಂದೆ ನಿಂತಿರ್ತಿದ್ನಲ್ಲ, ನನಗೆ ಅವಳ ಬೆನ್ನು ಕಾಣೋದು. ಉಸಿರು ಎಲ್ಲಿ ತಗೋತಿದಾಳೆ, ಸಾಲು ಎಲ್ಲಿ ಮುಗೀತಿದೆ ಎಲ್ಲಾ ಗೊತ್ತಾಗೋದು. ಹಾಡ್ತಿದ್ಲು ಅಮ್ಮಾ, ಒಳಗೇ. ಆ ಪದ ಪೂರ್ತಿ ನನಗೆ ಬಾಯಿಪಾಠ ಆಗಿದ್ದು ಅವಳ ಬೆನ್ನು ನೋಡೀನೇ.

...

ಹಬ್ಬಕ್ಕೆ ಫೋನ್ ಮಾಡೋಳು. ನಿಮ್ಮ ತಮ್ಮ ಎತ್ತೋರು, ನೀವು ನಮಾಜಿಗೆ ಕೂತಿದೀರ ಅನ್ನೋರು. ಪ್ರತಿ ಸಲಾನೂ ನಮಾಜೇ! ಇವಳು ನಗೋಳು. "ನಮ್ಮಮ್ಮಿ ನನ್ನಂಗ, ಅಣ್ಣ. ಇಬ್ಬರೂ ಬಾಗಿಲ ಹಿಂದ ನಿಂತು ಯಾರು ಮೊದ್ಲು ಕೆಮ್ತಾರ ಅಂತ ಕಾಯ್ತೀವಿ." ಹೋದ ತಿಂಗಳು ಒಂದಿನ ಬಂದು, "ಈ ಸಲ ಮೊಹರಂಗೆ ಗದಗಕ್ಕ ಹೋಗ್ತೀನಿ. ಹೋಗಿ ಮುಂದ ಕೂತು ಹಾಡ್ತೀನಿ. ಅಮ್ಮಿ ಸಾಕು ಅಂದ್ರ ನಿಲ್ಲಸ್ತೀನಿ, ಅಳ್ತಾ ಕೂತ್ರ ಮುಗಸ್ತೀನಿ" ಅಂದ್ಲು. ಟಿಕೆಟ್ ನೋಡ್ತಿದ್ಲು, ಫೋನಲ್ಲಿ. ನಿಜವಾಗ್ಲೂ. ನಾನು ಸಮಾಧಾನಕ್ಕೆ ಹೇಳ್ತಿಲ್ಲ.

ಭಾನುವಾರ ಮಧ್ಯಾಹ್ನ ಪ್ರಾಕ್ಟೀಸಿಗೆ ಬಂದಿದ್ಲು. ಚೆನ್ನಾಗೇ ಇದ್ಲು! ಹೊಸ ಹಾಡು ಒಂದು, ಅರ್ಧ ಆಗಿತ್ತು. ಬಾರಿಸ್ತಾ ಬಾರಿಸ್ತಾ ನಿಲ್ಲಿಸಿದ್ಲು. ತಲೆ ಅಂದ್ಲು. ಬ್ಯಾಂಜೊನ ಪೆಟ್ಟಿಗೇಲಿ ಮಲಗಿಸಿದ್ಲು, ಬಟ್ಟೆ ಹೊದಿಸಿದ್ಲು, ಕೊಂಡಿ ಹಾಕಿದ್ಲು, ಯಾವ ಅವಸರಾನೂ ಇಲ್ಲ. ಆಮೇಲೆ ಅಕ್ಕಿ ಮೂಟೆಗೆ ಒರಗಿ ಕೂತು, "ಅಣ್ಣಾ, ಸ್ವಲ್ಪ ನೀರು ಕೊಡು" ಅಂದ್ಲು.

ನಾನು ನೀರು ತರೋಕೆ ಒಳಗೆ ಹೋದೆ.

...

ಆಂಬುಲೆನ್ಸು ಬೇಗ ಬಂತಮ್ಮಾ. ಬೇಗ್ನೇ ಬಂತು. ಅವಳ ಎಲ್ಲಾ ಪೇಪರೂ ಸ್ಯಾನ್ ಮಟಿಯೋ ಆಸ್ಪತ್ರೇಲಿ ಇತ್ತಲ್ಲ, ಆಮೇಲೆ ಅಲ್ಲಿಗೇ ಕರ್ಕೊಂಡು ಬಂದ್ರು. ತಲೆ ಒಳಗೆ ರಕ್ತನಾಳ ಒಡೆದಿದೆ ಅಂದ್ರು. ಆಪರೇಷನ್ ಮಾಡಿದ್ರು. ಡಾಕ್ಟ್ರು ತುಂಬಾ ಒಳ್ಳೆಯೋರು. ಅವರು ಹೇಳಿದ್ದು... ಅವರು, ನೋಡೋಣ ಅಂದ್ರು. ವಯಸ್ಸು ಚಿಕ್ಕದು ಅಂದ್ರು. ನಾನು ಕೈ ಹಿಡ್ಕೊಂಡೇ ಇದ್ದೆ. ಎಡಗೈ. ಬೆರಳ ತುದಿ ಕಲ್ಲಿನ ಹಾಗೆ ಗಟ್ಟಿ ಇರುತ್ತಲ್ಲ, ತಂತಿ ಒತ್ತಿ ಒತ್ತಿ. ಬೆಚ್ಚಗಿತ್ತು.

ಆಮೇಲೆ ನಿಮಗೆ ಫೋನ್ ಮಾಡಿದೆ. ನೀವು ಒಂದು ಮಾತೂ ಕೇಳ್ದೆ, "ಬರ್ತೀನಿ" ಅಂದ್ರಿ. ಹುಬ್ಬಳ್ಳಿ, ಬೆಂಗಳೂರು, ಇಲ್ಲಿ. ಈ ವಯಸ್ಸಲ್ಲಿ ಒಬ್ಬರೇ. ಎಷ್ಟು ಕಷ್ಟ ಆಗಿರುತ್ತೆ...

ನೋಡಿ, ಕೊಲ್ಲಿ ನೀರು ಇಳಿದಿದೆ. ಸೇತುವೆ ಕೆಳಗೆ ಕೆಸರು ಕಾಣ್ತಿದೆ, ಎಷ್ಟು ಹಕ್ಕಿ ಕೂತಿದೆ! ಇಳಿತದ ಹೊತ್ತು. ಸಂಜೆ ಹೊತ್ತಿಗೆ ಮತ್ತೆ ಏರುತ್ತೆ. ಈ ಸೇತುವೆ ಏಳು ಮೈಲಿ ಇದೆ ಅಂತಾರೆ, ಮುಗಿಯೋದೇ ಇಲ್ಲ ಅನ್ಸುತ್ತೆ. ಅವಳ ಪ್ರೋಗ್ರಾಮಿಗೆ ಆ ಕಡೆ ಹೋಗುವಾಗೆಲ್ಲ...

ಅಮ್ಮಾ?

ಯಾಕೆ ಹಾಗೆ ಕೂತಿದೀರ? ಏನಾದ್ರೂ ಮಾತಾಡಿ. ನಿಲ್ಲಿಸ್ಲಾ? ಇಲ್ಲಿ ನಿಲ್ಲಿಸೋಕಾಗಲ್ಲ... ದಾಟಿದ ಮೇಲೆ ನಿಲ್ಲಿಸ್ತೀನಿ.

ಅಮ್ಮಾ, ನೀವು...

ನಾವು ಸೇತುವೆ ಮೇಲಿದೀವಿ.

ಆಸ್ಪತ್ರೆ ಆ ಕಡೆ ಉಳೀತು. ಸ್ಯಾನ್ ಮಟಿಯೋ ಎಕ್ಸಿಟ್ ಬಂತು, ಹೋಯ್ತು. ನೀವು ಕತ್ತು ತಿರುಗಿಸಿ ನೋಡಿದ್ರಿ. ನೀವು ನೋಡಿದ್ದನ್ನ ನಾನೂ ನೋಡಿದೆ. ಹಳೇ ಮನೆ ಇದ್ದ ಕಡೆ ನೋಡ್ತಿದೀರ ಅಂದ್ಕೊಂಡೆ. ಎಂಥ ದಡ್ಡ ನಾನು! ಅವಳನ್ನ ಹೆತ್ತಿದ್ದೇ ಆ ಆಸ್ಪತ್ರೇಲಲ್ವಾ ನೀವು? ದಾರಿ ನಿಮಗೆ ಗೊತ್ತಿರಲ್ವಾ? ನಾನು ಸೇತುವೆ ಹತ್ತಿದೆ, ಎಲ್ಲಿಗೆ ಅಂತ ನೀವು ಕೇಳ್ಲಿಲ್ಲ.

ಯಾರು ಕಲಿಸಿದ್ರು ಅಂತ ಕೇಳಿದ್ರಿ. ಏನು ತಿಂತಿದ್ಲು ಅಂತ ಕೇಳಿದ್ರಿ. ಏರ್‌ಪೋರ್ಟಲ್ಲಿ ನನ್ನ ನೋಡಿದಾಗಿಂದ "ಹೇಗಿದಾಳೆ" ಅಂತ ಮಾತ್ರ ಒಂದ್ಸಲಾನೂ ಕೇಳ್ಲಿಲ್ಲ ಅಮ್ಮಾ. ಸಿಟ್ಟು ಇನ್ನೂ ಆರಿಲ್ಲ ಅಂದ್ಕೊಂಡೆ ನಾನು. ಮಾತಾಡಿ ಮಾತಾಡಿ ಸಿಟ್ಟು ಇಳಿಸೋಣ, ಆಮೇಲೆ ಹೇಳೋಣ ಅಂತ...

ಅಲ್ಲೇ, ಬಾಗಿಲಲ್ಲೇ ಗೊತ್ತಾಯ್ತಾ ನಿಮಗೆ? ನನ್ನ ಮುಖ ನೋಡ್ತಿದ್ದ ಹಾಗೇ?

ನಿನ್ನೆ. ನೀವು ಬೆಂಗಳೂರಲ್ಲಿ ವಿಮಾನ ಹತ್ತೋ ಹೊತ್ತಿಗೆ. ನೋವಾಗ್ಲಿಲ್ಲ, ಎಚ್ಚರಾನೇ ಆಗಿರ್ಲಿಲ್ಲ ಅವಳಿಗೆ. ರೇಡಿಯೋ ಕೆಟ್ಟಿಲ್ಲ. ಬೆಳಗ್ಗೆಯಿಂದ ಎಲ್ಲಾ ಕಡೆ ಅವಳ ಹಾಡೇ ಹಾಕ್ತಿದಾರೆ, ನನಗೆ ಕೇಳೋಕಾಗ್ತಿಲ್ಲ.

ಡ್ಯಾನ್‌ವಿಲ್ ಹತ್ರದ ಮಸೀದಿಯಲ್ಲಿದಾಳೆ. ಹೆಂಗಸರೆಲ್ಲ ಬಂದಿದಾರೆ. ತಡ ಮಾಡ್ಬಾರ್ದು ಅಂತ ಹಿರಿಯರು ಹೇಳಿದ್ರು, ನಿಮ್ಮ ಪದ್ಧತಿ ಹಾಗೆ ಅಂತ ನನಗೂ ಗೊತ್ತು. ನಾನೇ ಕೈ ಮುಗಿದು ನಿಲ್ಲಿಸಿದೆ. ಕೊನೇ ಸ್ನಾನ ಇನ್ನೂ ಆಗಿಲ್ಲ. ಅವಳ ತಾಯಿ ದಾರೀಲಿದಾರೆ, ಅವಳ ಮೈಗೆ ನೀರು ಹಾಕೋದು ಅವರೇ, ಅಂದೆ. ತಪ್ಪು ಮಾಡಿದ್ನಾ?

...

ಸರಿ ಅಮ್ಮಾ. ಕೈ ಹಿಡ್ಕೊಳ್ಳಿ. ಒಂದೇ ಕೈಯಲ್ಲಿ ಓಡಿಸ್ತೀನಿ, ಪರವಾಗಿಲ್ಲ.